ಗುಡುಗು ನಿಂತ ಮೇಲೂ ಗುಡ್ಡದ ಮೇಲೆ ಕಣ್ಣಿಡಿ

ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ ಮಳೆ ಹುಟ್ಟುತ್ತದೆ. ಅದರ ಬೆನ್ನಿಗೆ ಭರಣಿ, ಕೃತ್ತಿಕೆ, ರೋಹಿಣಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಈ ನಾಲ್ಕೂ ಗುಡುಗಿನ ಮಳೆಗಳು. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟ ದಾಟಿ ಬಂದು ಬಯಲುಸೀಮೆಯ ಕಾದ ಗಾಳಿಯೊಡನೆ ಸೇರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅದು ಮೇಲೇಳತೊಡಗಿದರೆ ಒಂದೆರಡು ಗಂಟೆಯಲ್ಲೇ 12 ಕಿ.ಮೀ.ಗೂ ಎತ್ತರದ ಮೋಡ ಕಟ್ಟಬಲ್ಲದು.

ಸಿಡಿಲಿನಿಂದ ಜೀವ ಉಳಿಸಿಕೊಳ್ಳುವ ಮಾತನ್ನು ಆಗಾಗ ಕೇಳುತ್ತೇವೆ. ಸಿಡಿಲು ಹೊತ್ತಿಸುವ ಬೆಂಕಿಯ ಮಾತು ಕಡಿಮೆ. ನಮ್ಮಲ್ಲಿ ಕಾಡಿಗೆ ಬೀಳುವ ಬೆಂಕಿಯಲ್ಲಿ ಬಹುಪಾಲು ಮನುಷ್ಯರಿಂದಲೇ ಆದದ್ದು, ನಿಜ. ಆದರೆ ಮೊದಲ ಗುಡುಗು ಕೇಳುವ ಹೊತ್ತಿಗೆ ಗುಡ್ಡದ ಹುಲ್ಲು, ತರಗೆಲೆ ಹಿಡಿದರೆ ಪುಡಿಯಾಗುವಷ್ಟು ಒಣಗಿರುತ್ತವೆ. ಎಷ್ಟೋ ಸಲ ಗುಡುಗು ಜೋರು, ಮಳೆ ನಾಲ್ಕೇ ಹನಿ. ಅಪಾಯ ಇರುವುದು ಅಂಥ ದಿನವೇ. ಆಸ್ಟ್ರೇಲಿಯಾದ ಗಾಸ್ಪರ್ಸ್ ಪರ್ವತದಲ್ಲಿ 2019ರ ಅಕ್ಟೋಬರ್ ಕೊನೆಯಲ್ಲಿ ಬಿದ್ದ ಸಿಡಿಲೊಂದರಿಂದ ಹತ್ತಿದ ಬೆಂಕಿ 5 ಲಕ್ಷ ಹೆಕ್ಟೇರ್‌ಗೂ ಹೆಚ್ಚು ಕಾಡನ್ನು ಸುಟ್ಟಿತು.

ಹಾಗಾಗಿ ಪ್ರತಿ ಊರಿನಲ್ಲೂ ಆಕಾಶದ ಮೇಲೆ ಕಣ್ಣಿಡುವವರು ಒಬ್ಬರಾದರೂ ಬೇಕು. ಹವಾಮಾನದ ಆಸಕ್ತಿ ಇದ್ದರೆ ಸಾಕು, ದುಬಾರಿ ಯಂತ್ರಗಳು ಬೇಡ. ಕೆಲಸ ಹೀಗಿರಲಿ.

1. ಬೆಳಗ್ಗೆ ಮುನ್ಸೂಚನೆ ನೋಡಿ

ಹವಾಮಾನ ಇಲಾಖೆ ಜಿಲ್ಲಾವಾರು ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ – ಈ ಎರಡು ಆ್ಯಪ್‌ಗಳು ಮೊಬೈಲ್‌ನಲ್ಲಿರಲಿ. ಸುತ್ತಮುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಎಂಬುದನ್ನು ಇವು ತೋರಿಸುತ್ತವೆ. ಎಚ್ಚರಿಕೆ ಬಂದ ಕೂಡಲೇ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಹೊಲದಲ್ಲಿರುವವರಿಗೆ ಫೋನ್ ಮಾಡಿ ಹೇಳಿ.

2. ಮಧ್ಯಾಹ್ನ ಮೋಡ ಗಮನಿಸಿ

ಹೂಕೋಸಿನಂತೆ ಉಬ್ಬುತ್ತಾ ಮೇಲೇರುವ ಬಿಳಿ ಮೋಡದ ತಲೆ ಚಪ್ಪಟೆಯಾಗಿ ಒಂದು ಕಡೆಗೆ ಚಾಚಿಕೊಂಡರೆ ಅದು ಬಲಿತ ಗುಡುಗು ಮೋಡ. ಬುಡ ಕಪ್ಪಾಗಿ, ಸೆಖೆಯ ನಡುವೆ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಬೀಸಿ ದೂಳೆದ್ದರೆ ಸಮಯ ಮುಗಿದಿದೆ ಎಂದೇ ಲೆಕ್ಕ. ಬಿರುಗಾಳಿ, ಕೆಲವೊಮ್ಮೆ ಆಲಿಕಲ್ಲು ಅದರ ಹಿಂದೆಯೇ ಬರುತ್ತವೆ.

3. ಮಿಂಚು ಕಂಡೊಡನೆ ಎಣಿಸಿ

ಶಬ್ದ ಒಂದು ಕಿ.ಮೀ. ಸಾಗಲು ಸುಮಾರು 3 ಸೆಕೆಂಡ್ ಬೇಕು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಿಡಿಲು 10 ಕಿ.ಮೀ. ಒಳಗಿದೆ. ತಕ್ಷಣ ಪಕ್ಕಾ ಕಟ್ಟಡಕ್ಕೋ, ಗಾಜು ಏರಿಸಿದ ಕಾರು, ಬಸ್ಸಿಗೋ ಸೇರಿಕೊಳ್ಳಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಕಾಲಿಡಬೇಡಿ. ಮಳೆ ಬಿಟ್ಟಿತೆಂದು ಹೊರಟವರೂ ಸಿಡಿಲಿಗೆ ಸಿಕ್ಕಿದ್ದಾರೆ.

4. ನಿಮ್ಮ ಕೆಲಸಕ್ಕೆ ತಕ್ಕ ಎಚ್ಚರಿಕೆ

* ಚನ್ನಗಿರಿಯ ಅಡಿಕೆ ತೋಟದಲ್ಲಿ: ಕೊಯ್ಲಿನ ಹೊತ್ತಿಗೆ ಹಿಂಗಾರಿನ ಗುಡುಗೂ ಬರುತ್ತದೆ. ಕಾರ್ಬನ್ ಫೈಬರ್, ಅಲ್ಯೂಮಿನಿಯಂ ದೋಟಿಗಳಲ್ಲಿ ವಿದ್ಯುತ್ ಹರಿಯುತ್ತದೆ. ದೂರದ ಗುಡುಗು ಕೇಳಿದರೂ ದೋಟಿ ಕೆಳಗಿಡಿ, ಮರದ ಮೇಲಿರುವವರನ್ನು ಇಳಿಸಿ.
* ಹೊನ್ನಾಳಿಯ ಗದ್ದೆ, ನದಿದಂಡೆಯಲ್ಲಿ: ನೀರಿನಿಂದ ಮೇಲೆ ಬನ್ನಿ. ಪಂಪ್‌ಸೆಟ್ ಸ್ಟಾರ್ಟರ್ ಮುಟ್ಟಬೇಡಿ.
* ನ್ಯಾಮತಿಯ ಮೆಕ್ಕೆಜೋಳದ ಹೊಲದಲ್ಲಿ: ಟ್ರ್ಯಾಕ್ಟರ್‌ನಿಂದ ಇಳಿದು ದೂರ ಹೋಗಿ. ಒಂಟಿ ಮರ, ತಂತಿ ಬೇಲಿ ಎರಡೂ ಅಪಾಯ.
* ಜಗಳೂರಿನ ಕುರಿಗಾಹಿಗಳು: ಮಂದೆಯನ್ನು ಮರದಡಿ ಕೂಡಿಹಾಕಬೇಡಿ. ಸಿಡಿಲಿನ ವಿದ್ಯುತ್ ನೆಲದಲ್ಲೂ ಹರಡುತ್ತದೆ. ಮುಂಗಾಲು, ಹಿಂಗಾಲಿನ ನಡುವೆ ಅಂತರ ಇರುವುದರಿಂದ ಒಂದು ಕಾಲಿನಿಂದ ಹತ್ತಿ ಎದೆಯ ಮೂಲಕ ಇನ್ನೊಂದಕ್ಕೆ ಇಳಿಯುತ್ತದೆ. ಒಂದೇ ಸಿಡಿಲಿಗೆ ಮಂದೆಯೇ ಉರುಳುವುದು ಇದರಿಂದ.

ಎಲ್ಲೂ ಆಸರೆ ಸಿಗದಿದ್ದರೆ ತಗ್ಗು ಜಾಗದಲ್ಲಿ, ಒಬ್ಬರಿಂದೊಬ್ಬರು ದೂರ ಸರಿದು, ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂರಿ. ಮಲಗಬೇಡಿ. ಇದು ಬೇರೆ ದಾರಿಯೇ ಇಲ್ಲದಾಗಿನ ಉಪಾಯ, ಪೂರ್ತಿ ರಕ್ಷಣೆಯಂತೂ ಅಲ್ಲ.

5. ಸಿಡಿಲು ಬಡಿದ ಮರವನ್ನು ಮರುದಿನವೂ ನೋಡಿ

ಈ ಹೆಜ್ಜೆಯನ್ನೇ ನಾವು ಬಿಟ್ಟುಬಿಡುತ್ತೇವೆ. ಬಡಿದ ಮರದ ತೊಗಟೆ ಮೇಲಿನಿಂದ ಬೇರಿನವರೆಗೆ ಪಟ್ಟಿಯಾಗಿ ಸಿಬಿರೆದ್ದಿರುತ್ತದೆ. ಒಳಗಿನ ರಸ ಕ್ಷಣಾರ್ಧದಲ್ಲಿ ಆವಿಯಾಗಿ ತೊಗಟೆಯನ್ನು ಸಿಡಿಸಿದ ಗುರುತು ಅದು. ಹಳೆಯ ಮರವಾದರೆ ಪೊಟರೆಗೆ ಮೂಗು ಹತ್ತಿರ ಮಾಡಿ; ಹೊಗೆಯ ವಾಸನೆ ಬಂದರೆ ಒಳಗೆ ಕೆಂಡವಿದೆ. ಅದು ಮಳೆಗೆ ಸಿಗದೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕುಮುಲಿ, ಬಿಸಿಲೇರಿ ಗಾಳಿ ಎದ್ದಾಗ ಹೊತ್ತಿಕೊಳ್ಳುತ್ತದೆ. ತೆಂಗಿನ ಮರದ್ದು ಇನ್ನೊಂದು ಬಗೆ: ಸುಳಿ, ಒಣಗರಿ, ಎಡೆಮಟ್ಟೆ ಹತ್ತಿ ಉರಿದು ಕಿಡಿ ಕೆಳಕ್ಕೆ ಸುರಿಯುತ್ತದೆ. ಬುಡದಲ್ಲಿ ಹುಲ್ಲಿನ ಬಣವೆ ಇದ್ದರೆ ಮುಗಿಯಿತು. ಬಣವೆಯನ್ನು ತೆಂಗಿನ ಮರ, ದನದ ಕೊಟ್ಟಿಗೆ ಎರಡರಿಂದಲೂ ದೂರ ಒಟ್ಟಿ.

ಗುಡುಗು ನಿಂತು ಅರ್ಧ ಗಂಟೆಯಾದ ಮೇಲೆ ಎತ್ತರದ ಜಾಗದಿಂದ ಗುಡ್ಡದ ಸಾಲನ್ನು ಒಮ್ಮೆ ನೋಡಿ. ಮರುದಿನ ಮಧ್ಯಾಹ್ನ ಮತ್ತೊಮ್ಮೆ ನೋಡಿ. ಉಬ್ರಾಣಿ ಕಡೆಯ ಕಾಡಿನಂಚಿನವರಿಗೂ, ತೀರ್ಥರಾಮೇಶ್ವರ ಬೆಟ್ಟದ ಸುತ್ತಲಿನವರಿಗೂ ಇದು ಬೇಕು. ಜಗಳೂರಿನ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮದ ಪಕ್ಕದ ಊರುಗಳಿಗಂತೂ ಇನ್ನೂ ಹೆಚ್ಚು. ಆ ಕುರುಚಲು ಕಾಡಿನ ಹುಲ್ಲು ಸುಟ್ಟರೆ ಕೊಂಡುಕುರಿಗೆ ಮೇವೂ ಇಲ್ಲ, ಮರೆಯೂ ಇಲ್ಲ.

6. ಹೊಗೆ ಕಂಡರೆ

ಅರಣ್ಯ ಇಲಾಖೆಯ ವಲಯ ಕಚೇರಿಗೆ ಅಥವಾ 112ಕ್ಕೆ ತಿಳಿಸಿ. ಯಾವ ಊರು, ಯಾವ ದಿಕ್ಕು, ಗಾಳಿ ಎತ್ತ ಬೀಸುತ್ತಿದೆ ಎಂಬುದನ್ನು ಹೇಳಿ. ವಲಯ ಕಚೇರಿಯ ನಂಬರನ್ನು ಬೇಸಿಗೆಗೆ ಮುಂಚೆಯೇ ಬರೆದಿಟ್ಟುಕೊಳ್ಳಿ. ಬೇಲಿಯಂಚಿನ ಸಣ್ಣ ಬೆಂಕಿಯನ್ನು ಹಸಿಸೊಪ್ಪಿನ ಕೊಂಬೆಯಿಂದ ಹಿಂಬದಿ, ಪಕ್ಕಗಳಿಂದ ಬಡಿದು ಆರಿಸಬಹುದು. ಬೆಂಕಿ ಏರಿಗೆ ವೇಗವಾಗಿ ಓಡುತ್ತದೆ, ಅದರ ಮೇಲ್ಭಾಗಕ್ಕೆ ಎಂದೂ ಹೋಗಬೇಡಿ. 2023ರ ಫೆಬ್ರುವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡಿನಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯೊಬ್ಬರು ಪ್ರಾಣ ತೆತ್ತರು. ಕಾಡಿನೊಳಗಿನ ಬೆಂಕಿಯನ್ನು ಇಲಾಖೆಗೆ ಬಿಡಿ. ಗಾಳಿಗೆ ವಿದ್ಯುತ್ ತಂತಿ ಹರಿದಿದ್ದರೆ ಹತ್ತಿರ ಹೋಗದೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ.

7. ಸಿಡಿಲು ಬಡಿದವರನ್ನು ಮುಟ್ಟಿ, ಉಳಿಸಿ

ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. 108ಕ್ಕೆ ಕರೆ ಮಾಡಿಸಿ. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಸುಮಾರು 5 ಸೆಂ.ಮೀ. ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಿ. ಆ್ಯಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಸಗಣಿಯಲ್ಲಿ ಹೂತರೆ ಬದುಕುತ್ತಾರೆಂದು ಕಾಲ ಕಳೆದರೆ ಉಳಿಯುವ ಜೀವವೂ ಹೋಗುತ್ತದೆ.

8. ಬರೆದಿಡಿ

ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ಮೊದಲ ಮತ್ತು ಕೊನೆಯ ಗುಡುಗಿನ ಸಮಯ, ಮೋಡ ಬಂದ ದಿಕ್ಕು, ಸಿಡಿಲು ಬಿದ್ದ ಜಾಗ, ಹಾನಿ ಇಷ್ಟನ್ನು ಬರೆಯಿರಿ. ಗೋಡೆ ನೇರವಾಗಿರುವ, ಬುಡ ಸಮತಟ್ಟಾದ ಡಬ್ಬಿಯನ್ನು ಬಯಲಲ್ಲಿಟ್ಟು ಬೆಳಗ್ಗೆ 8.30ಕ್ಕೆ ಸ್ಕೇಲಿನಿಂದ ಅಳೆದರೆ ಮಳೆ ಎಷ್ಟು ಮಿ.ಮೀ. ಎಂಬುದೂ ಸಿಗುತ್ತದೆ.

ಈ ಬರಹ ಪರಿಹಾರದ ಹೊತ್ತಿಗೂ ನೆರವಾಗುತ್ತದೆ. ಸಿಡಿಲಿಗೆ ಜೀವಹಾನಿಯಾದರೆ ರಾಜ್ಯದಲ್ಲಿ 5 ಲಕ್ಷ ರೂಪಾಯಿ ಪರಿಹಾರ ಕೊಡಲಾಗುತ್ತಿದೆ. ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಲ್ಲಿ ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ, ಉಳುವ ಎತ್ತಿಗೆ 32,000, ಕುರಿ, ಮೇಕೆಗೆ 4,000 ಇದೆ. ಸತ್ತ ಪ್ರಾಣಿಯನ್ನು ಹೂಳುವ ಮೊದಲೇ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ಫೋಟೊ ತೆಗೆದಿಡಿ.

ಅಶ್ವಿನಿ ಹುಟ್ಟುವ ಮುನ್ನ ಊರಿನಲ್ಲಿ ನಾಲ್ಕು ಜನ ಕೂತು ಮಾತಾಡಿ. ಆಕಾಶ ನೋಡುವವರು ಯಾರು, ಗುಡ್ಡ ನೋಡುವವರು ಯಾರು, ಹೊಲದಲ್ಲಿ ಇರುವವರಿಗೆ ಫೋನ್ ಮಾಡುವವರು ಯಾರು – ಹೆಸರು ಹಂಚಿಕೊಂಡು ಪಂಚಾಯಿತಿ ಗೋಡೆಗೆ ಅಂಟಿಸಿ. ಸಿಡಿಲು ಬೀಳುವುದನ್ನು ತಡೆಯಲು ನಮ್ಮಿಂದಾಗದು. ಅದರ ಬಾಯಿಗೆ ಜನ, ಜಾನುವಾರು, ಕಾಡು ಸಿಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.