ಹುತ್ತದ ಅಣಬೆ: ಗುರುತು ಮತ್ತು ಎಚ್ಚರಿಕೆ

ಭಾದ್ರಪದದಲ್ಲಿ ಮಳೆಯ ಬಿರುಸು ತಗ್ಗಿ ನಡುನಡುವೆ ಬಿಸಿಲು ಬೀಳತೊಡಗಿದಾಗ, ಹಣಕೋಣ, ಅಸ್ನೋಟಿ ಕಡೆಯ ಬೆಟ್ಟದಂಚುಗಳಲ್ಲಿ ಬಗೆಬಗೆಯ ಅಣಬೆಗಳು ಏಳುತ್ತವೆ. ಕೊಂಕಣಿ ಮನೆಗಳಲ್ಲಿ ಇದಕ್ಕೆ ಅಳಂಬಿ ಎನ್ನುತ್ತಾರೆ. ರುಚಿಯಾದ ಪದಾರ್ಥವೇ ಸರಿ. ಆದರೆ ಗುರುತು ತಪ್ಪಿದರೆ ಪ್ರಾಣಕ್ಕೆ ಕುತ್ತು. ಆದುದರಿಂದ ಸದಸ್ಯ ಬಾಂಧವರು ಈ ಕೆಳಗಿನ ವಿಷಯಗಳನ್ನು ತಿಳಿದಿರುವುದು ಅಗತ್ಯ.

ತಿನ್ನುವ ಅಣಬೆಗಳಲ್ಲಿ ಮುಖ್ಯವಾದುದು ಹುತ್ತದ ಅಣಬೆ. ಇದರ ಶಾಸ್ತ್ರೀಯ ಹೆಸರು ಟರ್ಮಿಟೊಮೈಸಿಸ್. ಗೆದ್ದಲುಗಳು ನೆಲದೊಳಗೆ ಜೇನುಹಟ್ಟಿಯಂಥ ಗೂಡು ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸುತ್ತವೆ. ಮಳೆಗಾಲದಲ್ಲಿ ಅದು ಮೇಲೆದ್ದು ಕೊಡೆ ಬಿಚ್ಚುತ್ತದೆ. ದೊಡ್ಡ ಜಾತಿಗಳಲ್ಲಿ ಕಾಂಡವು ಬೇರಿನಂತೆ ಗೂಡಿನವರೆಗೂ ಇಳಿದಿರುತ್ತದೆ. ಸುತ್ತಲಿನ ಮಣ್ಣನ್ನು ಮೆಲ್ಲಗೆ ಸರಿಸಿ ಇದನ್ನು ನೋಡಬೇಕು. ಹುತ್ತ ಹತ್ತಿರವಿದೆ ಎಂಬ ಮಾತ್ರಕ್ಕೆ ನಂಬಕೂಡದು.

ಬಿಡತಕ್ಕವು:

1. ಬುಡದಲ್ಲಿ ಬಟ್ಟಲಿನಂಥ ಚೀಲ, ಕಾಂಡಕ್ಕೆ ಬಳೆ, ಕೊಡೆಯಡಿ ಬಿಳಿ ಪದರ ಇರುವಂಥವು. ಮಾರಕವಾದ ಅಮಾನಿಟಾ ಜಾತಿಗಳ ಲಕ್ಷಣವಿದು. ನೆಲಮಟ್ಟದಲ್ಲಿ ಮುರಿದರೆ ಚೀಲ ಮಣ್ಣಿನಲ್ಲೇ ಉಳಿದು ಗುರುತು ತಪ್ಪುತ್ತದೆ.

2. ಹುಲ್ಲುನೆಲದಲ್ಲಿ ಏಳುವ, ಬಲಿತಾಗ ಪದರ ಹಸಿರಾಗುವ ದೊಡ್ಡ ಬಿಳಿ ಅಣಬೆ. ಎಳೆಯದರಲ್ಲಿ ಪದರವೂ ಬಿಳಿಯೇ. ಅರಳಿದ ಕೊಡೆಯನ್ನು ಪದರ ಕೆಳಗಾಗಿ ಬಿಳಿ ಕಾಗದದ ಮೇಲೆ ರಾತ್ರಿಯಿಟ್ಟರೆ ಹಸಿರು ಪುಡಿ ಉದುರುತ್ತದೆ.

3. ಅಡಿಕೆ ಮರದ ಬುಡದಲ್ಲಿ ಮೂಡುವ ಗಟ್ಟಿ ಅಣಬೆ. ಅದು ಅಣಬೆ ರೋಗದ ಚಿಹ್ನೆ. ಮರಕ್ಕೆ ಉಪಚಾರ ಬೇಕು.

4. ಬೋರ್ಡೋ ದ್ರಾವಣ ಅಥವಾ ಕೀಟನಾಶಕ ಸಿಂಪಡಿಸಿದ ತೋಟದಲ್ಲಿ ಎದ್ದವು.

ಬೆಳ್ಳಿ ಚಮಚ ಕಪ್ಪಾಗಲಿಲ್ಲ, ಬೆಳ್ಳುಳ್ಳಿಯ ಬಣ್ಣ ಬದಲಾಗಲಿಲ್ಲ, ಹುಳು ತಿಂದಿದೆ ಎಂಬ ಪರೀಕ್ಷೆಗಳಿಗೆ ಯಾವ ಆಧಾರವೂ ಇಲ್ಲ. ಅಮಾನಿಟಾದ ವಿಷ ಕುದಿಸಿದರೂ, ಒಣಗಿಸಿದರೂ ಹೋಗುವುದಿಲ್ಲ.

ಈ ವಿಷದ ವಾಂತಿ-ಭೇದಿ ಸಾಮಾನ್ಯವಾಗಿ ಉಂಡ 6 ಗಂಟೆಗಳ ನಂತರವೇ ಕಾಣಿಸುತ್ತದೆ. ಮರುದಿನ ಗುಣವಾದಂತೆ ತೋರಿದರೂ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಆದ್ದರಿಂದ ಮನೆಮದ್ದಿನಲ್ಲಿ ಕಾಲ ಕಳೆಯದೆ, ಉಳಿದ ಅಣಬೆಯನ್ನೂ ಕಟ್ಟಿಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಉಂಡವರೆಲ್ಲರನ್ನೂ ತೋರಿಸಬೇಕು.

ಕೀಳುವಾಗ ಕೆಲವನ್ನು ಅರಳಲು ಬಿಡಿ, ಗೂಡನ್ನು ಒಡೆಯಬೇಡಿ. ಹುತ್ತ ಉಳಿದರೆ ಬರುವ ವರ್ಷವೂ ಅಲ್ಲಿಯೇ ಅಣಬೆ ಸಿಕ್ಕೀತು. ಹಿಂದಿನಿಂದ ಕಿತ್ತು ಬಲ್ಲ ಹಿರಿಯರನ್ನು ಜೊತೆಗೆ ಕರೆದೊಯ್ಯಿರಿ. ಅವರಿಗೂ ಅನುಮಾನ ಬಂದ ಅಣಬೆ ಮನೆಗೆ ಬರುವುದು ಬೇಡ.