ತೋಟಕ್ಕೆ ಬಂದ ಜೇನಿಗೆ ಬೆಂಕಿ ಬೇಡ, ಪೆಟ್ಟಿಗೆ ಕೊಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟಗಳಲ್ಲಿ ಬೇಲಿಗೋ ಕೊಂಬೆಗೋ ಜೇನ್ನೊಣಗಳು ಗೊಂಚಲಾಗಿ ಬಂದು ಕೂತರೆ ಮಕ್ಕಳು ಕಲ್ಲೆಸೆಯುತ್ತಾರೆ, ದೊಡ್ಡವರು ಒಣಗರಿಗೆ ಬೆಂಕಿ ಹಚ್ಚುತ್ತಾರೆ. ಇದರಿಂದ ನೊಣಗಳೂ ಸಾಯುತ್ತವೆ, ಮನೆಯವರಿಗೂ ಅಪಾಯ.

ಪವಿತ್ರ ಕುರ್‌ಆನಿನ 16ನೇ ಅಧ್ಯಾಯಕ್ಕೆ ಜೇನಿನದೇ ಹೆಸರು: ಅನ್ನಹ್ಲ್. ಬೆಟ್ಟ, ಮರಗಳ ಜೊತೆಗೆ ಮನುಷ್ಯರು ಕಟ್ಟುವ ನೆಲೆಯನ್ನೂ ಅಲ್ಲಿ ಜೇನಿನ ವಾಸವೆಂದು ಹೇಳಲಾಗಿದೆ. ಜೇನ್ನೊಣವನ್ನು ಕೊಲ್ಲುವುದನ್ನು ಪ್ರವಾದಿ(ಸ)ಯವರು ತಡೆದರೆಂದು ಇಬ್ನು ಅಬ್ಬಾಸ್(ರ)ರಿಂದ ವರದಿಯಾಗಿದೆ.

ಜೇನು ಯಾಕೆ ಹೀಗೆ ಬರುತ್ತದೆ?

ಗೂಡಿನಲ್ಲಿ ಸಂಖ್ಯೆ ಹೆಚ್ಚಿದಾಗ ಕುಟುಂಬ ಪಾಲಾಗುತ್ತದೆ. ಹಳೆಯ ರಾಣಿ ಒಂದಷ್ಟು ನೊಣಗಳೊಂದಿಗೆ ಹೊಸ ನೆಲೆ ಹುಡುಕಿ ಹೊರಡುತ್ತದೆ. ದಾರಿಯಲ್ಲಿ ಹೀಗೆ ತಂಗುತ್ತದೆ. ಆಗ ಕಾಯಲು ಎರಿಯಿಲ್ಲ, ಮರಿಯಿಲ್ಲ. ಹೊಟ್ಟೆ ತುಂಬ ಜೇನು ಕುಡಿದು ಹೊರಟಿರುತ್ತವೆ. ಆದ್ದರಿಂದ ಕೆಣಕದಿದ್ದರೆ ಸಾಮಾನ್ಯವಾಗಿ ಕಚ್ಚುವುದಿಲ್ಲ.

ತೆಂಗಿಗೂ ಇದರಿಂದ ಲಾಭ. ನಮ್ಮ ಎತ್ತರದ ತಳಿಗಳ ಹೊಂಬಾಳೆಯಲ್ಲಿ ಗಂಡು ಹೂ ಉದುರಿದ ಮೇಲೆ ಹೆಣ್ಣು ಹೂ ಅರಳುತ್ತದೆ. ಹಾಗಾಗಿ ಪರಾಗ ಹೆಚ್ಚಾಗಿ ಬೇರೆ ಮರದಿಂದಲೇ ಬರಬೇಕು. ಗಾಳಿಯ ಜೊತೆ ಜೇನ್ನೊಣವೂ ಅದನ್ನು ತರುತ್ತದೆ.

ಪೆಟ್ಟಿಗೆಗೆ ಸೇರಿಸುವ ಕ್ರಮ

1. ಮೊದಲು ಗುರುತಿಸಿ. ಪೆಟ್ಟಿಗೆಗೆ ಒಗ್ಗುವುದು ತುಡುವೆ ಜೇನು. ನೊಣ ದೊಡ್ಡದಿದ್ದರೆ ಅದು ಹೆಜ್ಜೇನಿರಬಹುದು. ಗುರುತು ಸಿಗದಿದ್ದರೆ ದೂರವಿರಿ.

2. ಹೊಸಬರು ಒಬ್ಬರೇ ಹೋಗಬಾರದು. ಅನುಭವಿ ಜೇನು ಸಾಕುವವರನ್ನು ಕರೆಯಿರಿ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ತಾಲೂಕು ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

3. ಅಸರ್ ನಮಾಝಿನ ನಂತರ, ಬೆಳಕಿರುವಾಗಲೇ ಹಿಡಿಯಿರಿ. ತಿಳಿಬಣ್ಣದ ತುಂಬುತೋಳಿನ ಬಟ್ಟೆ, ಮುಖಕ್ಕೆ ಪರದೆ ಇರಲಿ. ಅತ್ತರ್ ಹಚ್ಚಿಕೊಂಡು ಹೋಗಬೇಡಿ.

4. ಗೊಂಚಲಿನ ಮೇಲೆ ನೀರನ್ನು ಮಂಜಿನಂತೆ ಚಿಮುಕಿಸಿ. ಕೆಳಗೆ ಪೆಟ್ಟಿಗೆ ಹಿಡಿದು ಕೊಂಬೆಯನ್ನು ಒಮ್ಮೆ ಜೋರಾಗಿ ಅಲುಗಿಸಿ. ರಾಣಿ ಒಳಗೆ ಬಿದ್ದಿದ್ದರೆ ಉಳಿದ ನೊಣಗಳು ತಾವಾಗಿಯೇ ಒಳಸೇರುತ್ತವೆ.

5. ಕೆಲವು ದಿನ ಬಾಗಿಲಿಗೆ ರಾಣಿ ತಡೆ ಹಾಕಿ, ಸಕ್ಕರೆ ಪಾಕ ಕೊಡಿ. ಪೆಟ್ಟಿಗೆಯನ್ನು ನೆರಳಿನಲ್ಲಿ, ಮಕ್ಕಳು ಆಡುವ ಮತ್ತು ದನ ಕಟ್ಟುವ ಜಾಗದಿಂದ ದೂರವಿಡಿ. ಇರುವೆ ಹತ್ತದಂತೆ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಹತ್ತಿರದಲ್ಲೇ ಬೆಣಚುಕಲ್ಲು ಹಾಕಿದ ನೀರಿನ ತಟ್ಟೆ ಇಟ್ಟರೆ ನೊಣಗಳು ವುಝೂ ಮಾಡುವ ನಲ್ಲಿಯ ಕಡೆ ಬರುವುದು ಕಡಿಮೆಯಾಗುತ್ತದೆ.

ಕಚ್ಚಿದರೆ

ಮುಳ್ಳು ಚರ್ಮದಲ್ಲೇ ಉಳಿಯುತ್ತದೆ, ವಿಷ ಇಳಿಯುತ್ತಲೇ ಇರುತ್ತದೆ. ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಸೋಪಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಡಿ. ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಮನೆಮದ್ದಿಗೆ ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ಹಿಂದೊಮ್ಮೆ ಹೀಗಾದವರು ಪೆಟ್ಟಿಗೆಯ ಕೆಲಸಕ್ಕೆ ಹೋಗಬಾರದು. ಹೆಜ್ಜೇನು ಎದ್ದರೆ ಮುಖ ಮುಚ್ಚಿಕೊಂಡು ಓಡಿ ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಳ್ಳಿ. ಹಲವು ನೊಣಗಳು ಕಚ್ಚಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಇನ್ನೊಂದು ಮಾತು. ಮನೆಯ ಜೇನೆಂದು ಹಸುಗೂಸಿನ ಬಾಯಿಗೆ ಸವರಬೇಡಿ, ತಹ್ನೀಕ್‌ಗೂ ಬೇಡ. ಅದರಲ್ಲಿರಬಹುದಾದ ರೋಗಾಣುಗಳಿಂದ ಬೊಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು. ವರ್ಷ ತುಂಬಿದ ಮೇಲೆ ಕೊಡಿ.