ಕತ್ತು ನಿಲ್ಲದ ಕೂಸು: ತಪ್ಪು ತಾಯಿಯದಲ್ಲ



ಕಡಸು ಬೆದೆಗೆ ಬಂದಾಗ ಕೃತಕ ಗರ್ಭಧಾರಣೆಗೆ ಬಂದವರು "ಇದು ಯಾವ ಹೋರಿಯದು?" ಎಂದು ಕೇಳುತ್ತಾರೆ. ಹೋರಿಯ ವೀರ್ಯವನ್ನು ಅದರ ಮಗಳಿಗೇ ಹಾಕಬಾರದು ಎಂಬುದು ಹೊಣಕೆರೆ ಕಡೆಯ ಯಾವ ಡೇರಿಯಲ್ಲೂ ಹೇಳಿಕೊಡಬೇಕಾದ ಮಾತಲ್ಲ. ಹೋರಿ ಗಟ್ಟಿಮುಟ್ಟಾಗಿದ್ದರೂ ಒಳಗೊಂದು ದೋಷ ಅಡಗಿರಬಹುದು. ಅದೇ ದೋಷ ಮಗಳಲ್ಲೂ ಇದ್ದರೆ ಕರುವಿಗೆ ಎರಡೂ ಕಡೆಯಿಂದ ಬಂದು ಕಾಯಿಲೆಯಾಗಬಹುದು. ಎಚ್.ಎಫ್. ತಳಿಯ ಸಿಟ್ರುಲಿನೀಮಿಯಾ ಇಂಥದ್ದು. ಚೆನ್ನಾಗಿ ಹುಟ್ಟಿದ ಕರು ಮಂಕಾಗಿ, ಗೋಡೆಗೆ ತಲೆ ಒತ್ತಿ ನಿಂತು, ವಾರದೊಳಗೆ ಸಾಯುತ್ತದೆ.

ಮನುಷ್ಯರಲ್ಲಿ ಇದೇ ದಾರಿಯಲ್ಲಿ ಬರುವ ಅಪರೂಪದ ನರರೋಗ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಚಿಕ್ಕದಾಗಿ ಎಸ್‌ಎಂಎ. ಬೆನ್ನುಹುರಿಯ ಕೆಲವು ನರಕೋಶಗಳು ಸ್ನಾಯುಗಳನ್ನು ಆಡಿಸುತ್ತವೆ. ಅವು ಬದುಕಲು ಬೇಕಾದ ಒಂದು ಪ್ರೋಟೀನ್ ಸಾಕಷ್ಟು ತಯಾರಾಗದೆ ಒಂದೊಂದೇ ಸಾಯುತ್ತವೆ. ತೀವ್ರ ಬಗೆಯಲ್ಲಿ ಆರು ತಿಂಗಳೊಳಗೇ ಲಕ್ಷಣ ಕಾಣುತ್ತದೆ: ಕತ್ತು ನಿಲ್ಲುವುದಿಲ್ಲ, ಕಾಲು ಕಪ್ಪೆಯಂತೆ ಅಗಲಕ್ಕೆ ಬಿದ್ದಿರುತ್ತವೆ, ಅಳು ಸಣ್ಣ, ಉಸಿರಾಡುವಾಗ ಎದೆ ಏಳದೆ ಹೊಟ್ಟೆ ಏಳುತ್ತದೆ. ಕಣ್ಣು ಮಾತ್ರ ಚುರುಕು, ಕೂಸು ನಿಮ್ಮನ್ನು ಗುರುತಿಸಿ ನಗುತ್ತದೆ. ಬುದ್ಧಿಗೆ ಏನೂ ಆಗಿರುವುದಿಲ್ಲ.

ಇಂಥ ಮನೆಗಳಲ್ಲಿ ಮೊದಲು ಬೈಸಿಕೊಳ್ಳುವವಳು ಸೊಸೆ. ಗ್ರಹಣದಲ್ಲಿ ಹೊರಗೆ ಬಂದಳು, ಬಸುರಿಯಲ್ಲಿ ಹುಲ್ಲಿನ ಹೊರೆ ಹೊತ್ತಳು ಎನ್ನುತ್ತಾರೆ. ಎರಡೂ ಕಾರಣವಲ್ಲ. ದೋಷ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಬಂದಿರುತ್ತದೆ, ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಸುಮಾರು 50 ಜನರಲ್ಲಿ ಒಬ್ಬರು ಗೊತ್ತಿಲ್ಲದೆ ಇದನ್ನು ಹೊತ್ತಿರುತ್ತಾರೆ. ಅಂಥ ಇಬ್ಬರು ಗಂಡ ಹೆಂಡತಿಯಾದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಭಯವಿಲ್ಲ ಎಂಬ ಲೆಕ್ಕ ತಪ್ಪು. ಪ್ರತಿ ಸಲವೂ ಲೆಕ್ಕ ಹೊಸದಾಗಿಯೇ ಶುರು.

ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಹಳೆಯ ರೂಢಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಎಳೆಗೂಸುಗಳ ಪರೀಕ್ಷೆ ನಡೆಸಿದಾಗ ಹೆತ್ತವರಲ್ಲಿ ಸುಮಾರು ಮೂರನೇ ಒಂದು ಪಾಲು ಜೋಡಿಗಳು ರಕ್ತಸಂಬಂಧಿಗಳೇ ಆಗಿದ್ದರು. ಸೋದರಮಾವ, ಸೊಸೆಯ ವಂಶವಾಹಿಗಳಲ್ಲಿ ಸುಮಾರು ಕಾಲುಭಾಗ ಒಂದೇ ಇರುವುದರಿಂದ ಅಡಗಿದ ದೋಷ ಜೋಡಿಯಾಗುವ ಸಂಭವ ಹೆಚ್ಚು. ಹಾಗೆಂದು ಸಂಬಂಧದಲ್ಲಿ ಮದುವೆಯಾದವರೆಲ್ಲ ಹೆದರಬೇಕಿಲ್ಲ, ಅವರಲ್ಲಿ ಹೆಚ್ಚಿನವರ ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಹೊರಗಿನ ಸಂಬಂಧದಲ್ಲೂ ಈ ಕಾಯಿಲೆ ಬರುವುದುಂಟು.

ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ "ಗಂಡು ಮಗು, ನಿಧಾನ" ಎಂದು ಕಾಯಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ, ಮಕ್ಕಳ ವೈದ್ಯರಿಗೆ ತೋರಿಸಿ. ರಕ್ತಪರೀಕ್ಷೆಯಲ್ಲಿ ಕಾಯಿಲೆ ಗೊತ್ತಾಗುತ್ತದೆ. ಈಗ ಔಷಧಿಗಳಿವೆ, ಆದರೆ ಸತ್ತ ನರಕೋಶ ಮತ್ತೆ ಹುಟ್ಟದು, ಹಾಗಾಗಿ ಬೇಗ ಶುರುಮಾಡಿದಷ್ಟೂ ಲಾಭ. ಬೆಲೆ ವಿಪರೀತ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಗೊತ್ತುಮಾಡಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ನಮಗೆ ಹತ್ತಿರದ್ದು ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ.

ಒಂದು ಮಗುವಿಗೆ ಹೀಗಾಗಿದ್ದರೆ ಮುಂದಿನ ಬಸಿರಿಗೆ ಮೊದಲೇ ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ. ಬಸಿರು ನಿಂತ ಮೇಲೂ 11ರಿಂದ 14 ವಾರದೊಳಗೆ ಭ್ರೂಣದ ಪರೀಕ್ಷೆ ಸಾಧ್ಯ. ತೀರಿಕೊಂಡ ಮಗುವಿನ ಆಸ್ಪತ್ರೆ ಚೀಟಿಗಳನ್ನು ದುಃಖದಲ್ಲಿ ಎಸೆದುಬಿಡಬೇಡಿ. ಹಸುವಿನ ವಿಮೆ ಕಾಗದದಷ್ಟೇ ಜೋಪಾನವಾಗಿಡಿ, ವೈದ್ಯರು ಅವನ್ನು ಕೇಳುತ್ತಾರೆ.